ಗೇಣುದ್ದದ ಹೆಲಿಕಾಪ್ಟರು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದ. ಅವನ ಸೋದರಮಾವ ಊರಿಗೆ ಬಂದಾಗ ತಂದುಕೊಟ್ಟ ಉಡುಗೊರೆ ಅದು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಬಿಡಿಭಾಗಗಳು. ಎಲ್ಲವನ್ನೂ ಅಂಟಿಸಿ, ಬಣ್ಣ ಹಚ್ಚಿದರೆ ಒಂದು ಸೈನಿಕ ಹೆಲಿಕಾಪ್ಟರಿನ ಪ್ರತಿಕೃತಿ ಆಗುತ್ತದೆ. ಮೈಕಟ್ಟು ಅರ್ಧ ಮುಗಿದಿತ್ತು. ಹುಡುಗ ಎರಡು ಉದ್ದನೆಯ ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿ, “ಸಾರ್, ಇವು ಎರಡು ಪಕ್ಕದಲ್ಲೂ ಬರುತ್ತವೆ. ಬಾಂಬುಗಳೇ ತಾನೆ? ಕಪ್ಪು ಬಣ್ಣ ಹಚ್ಚಿ ಮೂತಿಗೆ ಹಳದಿ ಪಟ್ಟೆ ಎಳೆದುಬಿಡಲೆ?” ಎಂದು ಕೇಳಿದ.

ನಾನು ಕನ್ನಡ ಪಂಡಿತ. ಹಳಗನ್ನಡದ ಪದ್ಯವೊಂದನ್ನು ಮುಂದಿಟ್ಟರೆ ಅನ್ವಯ ಹೇಳಬಲ್ಲೆ. ಹೆಲಿಕಾಪ್ಟರಿನ ಅಂಗಾಂಗಗಳು ನನಗೆ ಹೇಗೆ ಗೊತ್ತು? ಆದರೂ ಮೇಷ್ಟ್ರಾದವನು ಗೊತ್ತಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. “ಬಣ್ಣದ ಡಬ್ಬಿಯನ್ನು ಈಗಲೇ ತೆಗೆಯಬೇಡಪ್ಪ, ಮೊದಲು ವಿಚಾರಿಸೋಣ” ಎಂದೆ. ಹಾಗೆ ವಿಚಾರಿಸಹೋದುದರ ಫಲವೇ ಈ ಲೇಖನ. ವಾಚಕರು ಇದನ್ನು ಮಕ್ಕಳಾಟದ ಮಾತೆಂದು ತಳ್ಳಿಹಾಕದೆ, ಸ್ವಲ್ಪ ಹೊತ್ತು ನನ್ನೊಡನೆ ಬರಬೇಕೆಂದು ಕೋರುತ್ತೇನೆ.

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ‘ಮಾಡೆಲ್’ ಎಂಬ ಒಂದೇ ಮಾತಿನಿಂದ ಹೇಳುವುದಕ್ಕೆ ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ಒಂದು ಮಾದರಿ, ಇನ್ನೊಂದು ಪ್ರತಿಕೃತಿ. ವಸ್ತು ಹುಟ್ಟುವುದಕ್ಕೆ ಮುಂಚೆ ಹುಟ್ಟುವುದು ಮಾದರಿ. ವಸ್ತು ಹುಟ್ಟಿದ ಮೇಲೆ ಅದನ್ನು ನೋಡಿ ಮಾಡುವುದು ಪ್ರತಿಕೃತಿ. ಹೆಲಿಕಾಪ್ಟರಿನ ಇತಿಹಾಸದಲ್ಲಿ ಈ ಎರಡಕ್ಕೂ ದೊಡ್ಡ ಸ್ಥಾನವಿದೆ. ಮನುಷ್ಯನನ್ನು ಹೊತ್ತು ಹಾರುವ ಹೆಲಿಕಾಪ್ಟರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಾದರೆ, ಅದರ ಮಾದರಿ ಅದಕ್ಕಿಂತ ನೂರಾರು ವರ್ಷ ಮೊದಲೇ ಹಾರಿತ್ತು.

ಹೆಲಿಕಾಪ್ಟರು ಎಂಬ ಹೆಸರನ್ನೇ ನೋಡಿ. ನಾವೆಲ್ಲ ಅದನ್ನು ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಒಡೆಯುತ್ತೇವೆ. ಅದು ತಪ್ಪು ಪದಚ್ಛೇದ. ೧೮೬೧ರಲ್ಲಿ ಫ್ರಾನ್ಸಿನ ಪೊಂತೋಂ ದಾಮೆಕೂರ್ ಎಂಬಾತ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿದ. ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರಾನ್’ ಎಂದರೆ ರೆಕ್ಕೆ. ಸುರುಳಿಯಾಗಿ ಸುತ್ತುವ ರೆಕ್ಕೆಯುಳ್ಳದ್ದು ಎಂದು ಅರ್ಥ. ಈ ‘ಪ್ಟೆರಾನ್’ ನಮಗೆ ತೀರ ಅಪರಿಚಿತವೂ ಅಲ್ಲ. ಹಾರುವುದು, ಬೀಳುವುದು ಎಂಬ ಅರ್ಥದ ‘ಪತ್’ ಧಾತುವಿನಿಂದ ಸಂಸ್ಕೃತದಲ್ಲಿ ರೆಕ್ಕೆಗೆ ‘ಪತ್ರ’, ಹಕ್ಕಿಗೆ ‘ಪತತ್ರಿ’ ಎಂಬ ಹೆಸರುಗಳು ಬಂದವಷ್ಟೆ? ಗ್ರೀಕರ ಪ್ಟೆರಾನ್ ಅದೇ ಕುಲದ್ದು.

ಹೆಸರು ಬರುವುದಕ್ಕೆ ಮುಂಚೆಯೇ ವಸ್ತು ಇತ್ತು. ಕಡ್ಡಿಯ ತುದಿಗೆ ಓರೆಯಾದ ಎರಡು ರೆಕ್ಕೆ ಸಿಕ್ಕಿಸಿ, ಅಂಗೈಗಳ ನಡುವೆ ಹೊಸೆದು ಬಿಟ್ಟರೆ ಗಿರಗಿರನೆ ಮೇಲಕ್ಕೇರುವ ಆಟಿಕೆಯನ್ನು ಜಾತ್ರೆಯಲ್ಲಿ ನೀವೂ ನೋಡಿರಬಹುದು. ಚೀನ ದೇಶದಲ್ಲಿ ಬಿದಿರಿನಿಂದ ಮಾಡಿದ ಇಂಥ ಆಟಿಕೆ ಬಹು ಪುರಾತನವಾದುದು. ೧೭೮೪ರಲ್ಲಿ ಲೋನ್ವಾ ಮತ್ತು ಬ್ಯಾಂವೆನ್ಯು ಎಂಬ ಇಬ್ಬರು ಫ್ರೆಂಚರು ಹಕ್ಕಿಯ ಗರಿಗಳಿಂದ ಒಂದು ಯಂತ್ರವನ್ನು ಮಾಡಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಹಾರಿಸಿ ತೋರಿಸಿದರು. ಕೋಲಿನ ಎರಡು ತುದಿಗೂ ಗರಿಗಳು. ಬಗ್ಗಿಸಿದ ಬಿಲ್ಲಿನ ಸೆಳೆತದಿಂದ ಒಂದು ತುದಿಯ ಗರಿಗಳು ಬಲಕ್ಕೂ, ಇನ್ನೊಂದು ತುದಿಯವು ಎಡಕ್ಕೂ ತಿರುಗುತ್ತಿದ್ದುವು. ೧೭೯೬ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಬೆಂಡು ಮತ್ತು ಗರಿಗಳಿಂದ ಅಂಥದೇ ಒಂದನ್ನು ಮಾಡಿದ. ೧೮೭೦ರಲ್ಲಿ ಅಲ್ಫಾನ್ಸ್ ಪೆನೋ ಎಂಬ ಫ್ರೆಂಚ್ ಯುವಕ ಬಿಲ್ಲನ್ನು ಬಿಟ್ಟು ರಬ್ಬರಿನ ಪಟ್ಟಿಯನ್ನು ತಿರುಚಿ ಅದರ ಬಲದಿಂದ ಹಾರಿಸಿದ.

ಪೆನೋ ಮಾಡಿದಂಥ ಒಂದು ಆಟಿಕೆ ೧೮೭೮ರಲ್ಲಿ ಅಮೆರಿಕದ ಒಂದು ಮನೆಗೆ ಬಂತು. ಪಾದ್ರಿಯಾಗಿದ್ದ ತಂದೆ ತನ್ನ ಇಬ್ಬರು ಮಕ್ಕಳಿಗೆ ಅದನ್ನು ತಂದುಕೊಟ್ಟ. ಆ ಮಕ್ಕಳೇ ಮುಂದೆ ಜಗತ್ತಿಗೆ ವಿಮಾನವನ್ನು ಕೊಟ್ಟ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸೋದರರು. ಆಟಿಕೆ ಮುರಿದುಹೋದ ಮೇಲೆ ಅವರು ಅದನ್ನು ನೋಡಿಕೊಂಡು ತಾವೇ ಬೇರೆ ಬೇರೆ ಅಳತೆಯಲ್ಲಿ ಮಾಡತೊಡಗಿದರು. ಆಗ ಒಂದು ವಿಚಿತ್ರ ಕಂಡಿತು. ಆಟಿಕೆ ದೊಡ್ಡದಾದಷ್ಟೂ ಅದು ಹಾರುವುದು ಕಡಮೆಯಾಗುತ್ತಿತ್ತು! ಉದ್ದವನ್ನು ಎರಡರಷ್ಟು ಮಾಡಿದರೆ ಬೇಕಾಗುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟು ಎಂಬುದು ಬಾಲಕರಿಗೆ ಆಗ ತಿಳಿದಿರಲಿಲ್ಲ.

ಇದು ನಾವು ನೆನಪಿಡಬೇಕಾದ ಸಂಗತಿ. ನಮ್ಮ ಹುಡುಗನ ಪೆಟ್ಟಿಗೆಯ ಮೇಲೆ ೧/೪೮ ಎಂದು ಅಚ್ಚಾಗಿತ್ತು. ಎಂದರೆ ನಿಜವಾದ ಯಂತ್ರದ ಒಂದು ಅಡಿ ಇಲ್ಲಿ ಕಾಲಂಗುಲ. ಆರಡಿಯ ಆಳು ಇಲ್ಲಿ ಒಂದೂವರೆ ಅಂಗುಲ. ಉದ್ದದಲ್ಲಿ ೪೮ ಪಾಲು ಸಣ್ಣದಾದದ್ದು ಮೇಲ್ಮೈಯಲ್ಲಿ ೨,೩೦೪ ಪಾಲು, ಗಾತ್ರದಲ್ಲಿ ೧,೧೦,೫೯೨ ಪಾಲು ಸಣ್ಣದಾಗುತ್ತದೆ. ಕಣ್ಣಿಗೆ ಎರಡೂ ಒಂದೇ ರೂಪ. ಪ್ರಕೃತಿ ನಿಯಮದ ಮುಂದೆ ಎರಡೂ ಬೇರೆ ಬೇರೆ ವಸ್ತು. ಆದಕಾರಣ ಮಾದರಿಯನ್ನು ನಂಬುವವನು ಅದು ಎಲ್ಲಿಯವರೆಗೆ ನಿಜ ಹೇಳುತ್ತದೆ, ಎಲ್ಲಿ ನಿಲ್ಲಿಸುತ್ತದೆ ಎಂಬ ಎಚ್ಚರವನ್ನೂ ಇಟ್ಟುಕೊಳ್ಳಬೇಕು.

ಅಂಥ ಎಚ್ಚರವಿದ್ದ ಒಬ್ಬ ಮನುಷ್ಯ ಆರ್ಥರ್ ಯಂಗ್. ೧೯೦೫ರಲ್ಲಿ ಹುಟ್ಟಿದ ಈತ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದವನು, ತತ್ತ್ವಶಾಸ್ತ್ರದಲ್ಲಿ ಆಸಕ್ತಿ. ಯಾವುದಾದರೊಂದು ಕಠಿಣವಾದ ಕೆಲಸದಲ್ಲಿ ಬುದ್ಧಿಯನ್ನು ಒರೆಗೆ ಹಚ್ಚಬೇಕೆಂದು ಹೆಲಿಕಾಪ್ಟರನ್ನು ಆರಿಸಿಕೊಂಡ. ದೊಡ್ಡ ಯಂತ್ರ ಕಟ್ಟುವ ಗೋಜಿಗೆ ಅವನು ಹೋಗಲಿಲ್ಲ. ಪೆನ್ಸಿಲ್ವೇನಿಯ ಪ್ರಾಂತ್ಯದ ಪಾವೊಲಿ ಎಂಬ ಊರಿನಲ್ಲಿ ಹಳೆಯ ಕಣಜದ ಮನೆಯೊಂದನ್ನು ಕಾರ್ಯಾಗಾರ ಮಾಡಿಕೊಂಡು, ವಿದ್ಯುತ್ ಮೋಟಾರಿನಿಂದ ತಿರುಗುವ ಸಣ್ಣ ಸಣ್ಣ ಮಾದರಿಗಳನ್ನು ಮಾಡಿ ಹಾರಿಸಿದ. ಮಾದರಿ ಹಾರುವುದು, ಓಲಾಡುವುದು, ಮಗುಚಿ ಬಿದ್ದು ಮುರಿಯುವುದು; ಅದನ್ನು ರಿಪೇರಿ ಮಾಡಿ, ಒಂದೇ ಒಂದು ಅಂಶವನ್ನು ಬದಲಾಯಿಸಿ, ಮತ್ತೆ ಹಾರಿಸುವುದು. ದೊಡ್ಡ ಯಂತ್ರವಾಗಿದ್ದರೆ ಒಂದೊಂದು ಪತನಕ್ಕೂ ಒಂದು ಪ್ರಾಣ, ಒಂದು ಐಶ್ವರ್ಯ ಹೋಗುತ್ತಿತ್ತು. ಇಲ್ಲಿ ಹೋದದ್ದು ಒಂದು ಕಡ್ಡಿ, ಒಂದು ಸಂಜೆ. ಹೀಗೆ ಹನ್ನೆರಡು ವರ್ಷ ಕಳೆಯಿತು!

ಈ ತಪಸ್ಸಿನ ಫಲವಾಗಿ ಸಿಕ್ಕಿದ್ದು ಒಂದು ಸರಳವಾದ ಉಪಾಯ. ತಿರುಗುವ ಎರಡು ಅಲಗುಗಳಿಗೆ ಅಡ್ಡವಾಗಿ, ಅವುಗಳ ಜೊತೆಯಲ್ಲೇ ಸುತ್ತುವ ಒಂದು ಸರಳು. ಆ ಸರಳಿನ ಎರಡು ತುದಿಗೂ ಭಾರದ ಗುಂಡು. ಸುತ್ತುವ ಬುಗುರಿ ತನ್ನ ನಿಲವನ್ನು ಬೇಗನೆ ಬಿಟ್ಟುಕೊಡದಷ್ಟೆ? ಹಾಗೆಯೇ ಈ ಸರಳು ತನ್ನ ಸಮತಲವನ್ನು ಬಿಟ್ಟುಕೊಡದೆ, ಒಡಲು ವಾಲಿದಾಗ ಅಲಗುಗಳ ಓರೆಯನ್ನು ತಿದ್ದಿ ಯಂತ್ರವನ್ನು ನಿಲ್ಲಿಸುತ್ತದೆ. ೧೯೪೧ರಲ್ಲಿ ಯಂಗ್ ತನ್ನ ಮಾದರಿಯನ್ನು ಹೊತ್ತು ಬಫಲೋ ನಗರದ ಬೆಲ್ ವಿಮಾನ ಕಾರ್ಖಾನೆಗೆ ಹೋಗಿ ಹಾರಿಸಿ ತೋರಿಸಿದ. ಕಂಪೆನಿ ಒಪ್ಪಿತು. ೧೯೪೨ರ ಡಿಸೆಂಬರಿನಲ್ಲಿ ದೊಡ್ಡ ಯಂತ್ರವನ್ನು ನೆಲಕ್ಕೆ ಹಗ್ಗದಿಂದ ಕಟ್ಟಿ ಮೊದಲ ಸಲ ಮೇಲೆತ್ತಿದರು. ಮರುವರ್ಷ ಹಗ್ಗ ಬಿಚ್ಚಿ ಹಾರಿಸಿದರು. ೧೯೪೫ರ ಡಿಸೆಂಬರಿನಲ್ಲಿ ‘ಬೆಲ್ ೪೭’ ಹಾರಿತು. ೧೯೪೬ರ ಮಾರ್ಚಿ ೮ರಂದು ಅದಕ್ಕೆ ನಾಗರಿಕ ಉಪಯೋಗದ ಪರವಾನೆ ದೊರೆಯಿತು. ಹೆಲಿಕಾಪ್ಟರೊಂದಕ್ಕೆ ಅಂಥ ಪರವಾನೆ ಸಿಕ್ಕಿದ್ದು ಅದೇ ಪ್ರಥಮ. ಆ ಜಾತಿಯ ಯಂತ್ರಗಳು ಮುಂದೆ ೫,೦೦೦ಕ್ಕೂ ಮಿಕ್ಕಿ ತಯಾರಾದುವು. ನಮ್ಮ ವಾಯುಪಡೆಯೂ ಒಂದು ಕಾಲದಲ್ಲಿ ಅವನ್ನು ಬಳಸಿತ್ತು.

ಇದೇ ಯಂತ್ರ ಸೈನ್ಯಕ್ಕೆ ಸೇರಿದಾಗ ಪಡೆದ ಹೆಸರು ಎಚ್-೧೩. ನಮ್ಮ ಹುಡುಗನ ಪೆಟ್ಟಿಗೆಯಲ್ಲಿದ್ದದ್ದೂ ಅದೇ. ಈಗ ಅವನ ಪ್ರಶ್ನೆಗೆ ಬರೋಣ. ಆ ಎರಡು ಪಕ್ಕದ ಉದ್ದ ತುಂಡುಗಳು ಯಾವುವು?

ಯುದ್ಧದಲ್ಲಿ ಗಾಯಾಳುವನ್ನು ಹೊತ್ತು ತರುವ ಕೆಲಸಕ್ಕೆ ಹೆಲಿಕಾಪ್ಟರನ್ನು ಹಚ್ಚಿದ ಮೊದಲ ಪ್ರಸಂಗ ನಡೆದದ್ದು ನಮ್ಮ ನೆರೆಯ ಬರ್ಮದ ಕಾಡಿನಲ್ಲಿ. ೧೯೪೪ರ ಏಪ್ರಿಲಿನಲ್ಲಿ ಕಾರ್ಟರ್ ಹಾರ್ಮನ್ ಎಂಬ ಅಮೆರಿಕದ ಚಾಲಕ ಸಿಕೋರ್ಸ್ಕಿಯವರ ಚಿಕ್ಕ ಯಂತ್ರವೊಂದನ್ನು ಹಾರಿಸಿಕೊಂಡು ಹೋಗಿ, ಶತ್ರುಗಳ ಪಾಳೆಯದ ಹಿಂದೆ ಸಿಕ್ಕಿಬಿದ್ದಿದ್ದ ಒಬ್ಬ ವೈಮಾನಿಕನನ್ನೂ ಮೂವರು ಬ್ರಿಟಿಷ್ ಸೈನಿಕರನ್ನೂ ತಂದ. ಆ ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಹೊರುವ ಶಕ್ತಿ. ಆದುದರಿಂದ ನಾಲ್ವರಿಗೆ ನಾಲ್ಕು ಸಲ ಹೋಗಿಬಂದ.

ಮುಂದೆ ೧೯೫೦ರ ಜೂನಿನಲ್ಲಿ ಕೊರಿಯ ಯುದ್ಧ ಹೊತ್ತಿಕೊಂಡಿತು. ಬೆಟ್ಟಗುಡ್ಡದ ನಾಡು, ಕೆಟ್ಟ ರಸ್ತೆ. ಮೋಟಾರಿನಲ್ಲಿ ಕುಲುಕಿಸಿಕೊಂಡು ಹೋಗುವಷ್ಟರಲ್ಲಿ ಎಷ್ಟೋ ಜನ ಗಾಯಾಳುಗಳ ಪ್ರಾಣ ಹೋಗುತ್ತಿತ್ತು. ನಮ್ಮ ದೇಶವೂ ಅಲ್ಲಿಗೆ ಕಾದಾಡುವ ಪಡೆಯನ್ನು ಕಳಿಸದೆ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನಾಯಕತ್ವದಲ್ಲಿ ೬೦ನೆಯ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯದಳವನ್ನು ಕಳಿಸಿತ್ತೆಂಬುದನ್ನು ವಾಚಕರು ಬಲ್ಲರು. ೧೯೫೧ರ ಜನವರಿಯಿಂದ ಅಮೆರಿಕದ ಸೈನ್ಯ ಎಚ್-೧೩ ಹೆಲಿಕಾಪ್ಟರುಗಳನ್ನು ಗಾಯಾಳುಗಳ ಸಾಗಾಣಿಕೆಗೆ ಬಳಸತೊಡಗಿತು. ಆದರೆ ಆ ಯಂತ್ರದ ಗಾಜಿನ ಕೋಣೆಯಲ್ಲಿ ಇಬ್ಬರೋ ಮೂವರೋ ಕೂರಬಹುದು, ಮಲಗಲು ಸ್ಥಳವೆಲ್ಲಿ? ಅದಕ್ಕಾಗಿ ಹೊರಗಡೆ, ಎರಡು ಪಕ್ಕಕ್ಕೂ, ಒಂದೊಂದು ಡೋಲಿಯನ್ನು ಬಿಗಿದರು. ಮುಖಕ್ಕೆ ಗಾಳಿ ಬಡಿಯದಂತೆ ಅದಕ್ಕೊಂದು ಮುಚ್ಚಿಗೆ. ಚಳಿಗಾಲದಲ್ಲಿ ಎಂಜಿನ್ನಿನ ಶಾಖವನ್ನು ಡೋಲಿಯವರೆಗೆ ಹಾಯಿಸುವ ಏರ್ಪಾಡನ್ನೂ ಅಲ್ಲಿಯ ಜನ ಮಾಡಿಕೊಂಡರು. ಗಾಯಾಳು ಆಕಾಶದಲ್ಲಿ, ಚಾಲಕನ ಮಗ್ಗುಲಲ್ಲಿ, ಗಾಜಿನ ಆಚೆ ಮಲಗಿ, ಆಸ್ಪತ್ರೆಯ ಗುಡಾರದ ಮುಂದೆ ಬಂದಿಳಿಯುತ್ತಿದ್ದ.

ಬಾಂಬೆಂದು ಹುಡುಗ ತಿಳಿದಿದ್ದುದು ಈ ಡೋಲಿಯನ್ನು!

ಇದನ್ನು ಅವನಿಗೆ ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಒಳಗೆ ಮನುಷ್ಯ ಇರುತ್ತಿದ್ದನೆ, ಸಾರ್?” ಎಂದ. ಆ ಕ್ಷಣದಿಂದ ಅವನು ಆ ತುಂಡುಗಳನ್ನು ಹಿಡಿಯುವ ರೀತಿಯೇ ಬೇರೆಯಾಯಿತು.

ಅಂದಿನಿಂದ ದಿನವೂ ಸಂಜೆ ನಮ್ಮ ಪಡಸಾಲೆಯಲ್ಲಿ ಕೆಲಸ ನಡೆಯಿತು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ನೋಡುತ್ತ ನೋಡುತ್ತ ನನಗೆ ಅನ್ನಿಸಿದ್ದೇನೆಂದರೆ, ಈ ಕೆಲಸ ನಮ್ಮ ಗ್ರಂಥಸಂಪಾದನೆಗೆ ತುಂಬ ಹತ್ತಿರದ್ದು. ತಾಳೆಯೋಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕಾವ್ಯವನ್ನು ಸಂಪಾದಿಸುವ ವಿದ್ವಾಂಸ ಹೇಗೆ ಒಂದೊಂದು ಪಾಠಾಂತರವನ್ನೂ ತೂಗುತ್ತಾನೋ, ಹಾಗೆಯೇ ಪ್ರತಿಕೃತಿಕಾರನೂ ಪೆಟ್ಟಿಗೆಯ ಚಿತ್ರ, ಸೂಚನಾಪತ್ರ, ಹಳೆಯ ಛಾಯಾಚಿತ್ರ ಇವನ್ನು ಎದುರುಬದುರಿಗೆ ಇಟ್ಟು ತೂಗಬೇಕು. ಒಂದು ಉದಾಹರಣೆ ಹೇಳುತ್ತೇನೆ. ಎಂಜಿನ್ನಿನ ಎರಡು ಪಕ್ಕದಲ್ಲೂ ಎತ್ತಿನ ಬೆನ್ನಿನ ಹೇರಿನಂತೆ ಕೂರುವ ಎರಡು ಪೆಟ್ರೋಲು ತೊಟ್ಟಿಗಳು ಪೆಟ್ಟಿಗೆಯಲ್ಲಿದ್ದುವು. ಅವು ೧೯೫೩ರಲ್ಲಿ ಬಂದ ‘೪೭-ಜಿ’ ಎಂಬ ಮುಂದಿನ ರೂಪದ ಲಕ್ಷಣ. ಅವನ್ನು ೧೯೫೧ರ ಕೊರಿಯದ ಡೋಲಿಗಳ ಜೊತೆಗೆ ಅಂಟಿಸಿದರೆ, ಪಂಪನ ಕಾವ್ಯದಲ್ಲಿ ಷಟ್ಪದಿಯನ್ನು ಸೇರಿಸಿದಂತೆ ಆಗುತ್ತದೆ. ಎರಡೂ ನಿಜ, ಆದರೆ ಎರಡೂ ಒಂದೇ ದಿನದ ನಿಜವಲ್ಲ. “ಯಾವ ವರ್ಷದ ಯಂತ್ರ ಮಾಡುತ್ತೀಯಪ್ಪ?” ಎಂದು ಕೇಳಿದೆ. ಹುಡುಗ ಯೋಚಿಸಿ, “ಐವತ್ತೊಂದನೆಯ ಇಸವಿ, ಸಾರ್” ಎಂದು ತೊಟ್ಟಿಗಳನ್ನು ಪಕ್ಕಕ್ಕಿಟ್ಟ.

ಕೈಕೆಲಸದಲ್ಲಿಯೂ ಹೀಗೆಯೇ ನಯವಾದ ವಿಚಾರಗಳಿವೆ. ಈ ಯಂತ್ರದ ಬಾಲಕ್ಕೆ ಹೊದಿಕೆಯಿಲ್ಲ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಬರಿಯ ಹಂದರ. ಒಂದಂಗುಲ ದಪ್ಪದ ಕೊಳವೆ ೧/೪೮ರ ಲೆಕ್ಕದಲ್ಲಿ ಅರ್ಧ ಮಿಲಿಮೀಟರಿಗೆ ಸ್ವಲ್ಪ ಮೇಲೆ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿನ ಕಡ್ಡಿಗಳ ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ. ಅದನ್ನು ಚೂರಿಯ ಮೊನೆಯಿಂದ ಹಗುರವಾಗಿ ಕೆರೆದು ದುಂಡಗೆ ಮಾಡಬೇಕು. ಒತ್ತಿದರೆ ಮುರಿಯಿತೆಂದೇ ತಿಳಿಯಿರಿ. ನಮ್ಮದೂ ಎರಡು ಕಡೆ ಮುರಿಯಿತು. ಎಂಜಿನ್ನು ಹೊರಗೇ ಕಾಣುವುದರಿಂದ ಅದರ ವಿದ್ಯುತ್ ತಂತಿಗಳೂ ಇರಬೇಕು. ಪೆಟ್ಟಿಗೆಯಲ್ಲಿ ಅವು ಇರಲಿಲ್ಲ. ನಮ್ಮ ಮನೆಯ ಹಳೆಯ ರೇಡಿಯೋದ ಸವೆದ ತಂತಿಯನ್ನು ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ತೆಗೆದುಕೊಟ್ಟೆ. ಎಷ್ಟೋ ವರ್ಷ ವಾರ್ತೆಯನ್ನೂ ಸಂಗೀತವನ್ನೂ ತಂದ ತಂತಿ ಹೆಲಿಕಾಪ್ಟರಿನ ನರವಾಯಿತು. ಕೂರುವ ಪೀಠದ ಪಟ್ಟಿಗಳನ್ನು ಗುಳಿಗೆಯ ತಗಡಿನ ಕಾಗದದಿಂದ ಕತ್ತರಿಸಿದೆವು.

ಮುಂಭಾಗದ ಗಾಜಿನ ಗುಮ್ಮಟ ಈ ಯಂತ್ರದ ಮುಖಲಕ್ಷಣ. ನಿಜವಾದುದನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಸೋಪಿನ ಗುಳ್ಳೆಯಂತೆ ಗಾಳಿಯಿಂದ ಉಬ್ಬಿಸಿ ಮಾಡುತ್ತಿದ್ದರು. ಅದರ ಚೆಲುವನ್ನು ಮೆಚ್ಚಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ೧೯೮೪ರಲ್ಲಿ ಒಂದು ಬೆಲ್ ೪೭ನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ರತಿಕೃತಿಯಲ್ಲಿ ಈ ಗುಮ್ಮಟವೇ ಕಷ್ಟದ ಭಾಗ. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು ಇಲ್ಲಿಗೆ ಸಲ್ಲದು. ಒಂದು ತೊಟ್ಟು ಬಿದ್ದರೂ ಗಾಜಿಗೆ ಪೊರೆ ಕಟ್ಟುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿಯ ಗೋಂದೇ ಮೇಲು. ಬಣ್ಣವನ್ನಂತೂ ತೆಳುವಾಗಿ, ಎರಡು ಮೂರು ಸಲ ಹಚ್ಚಬೇಕು. ಹತ್ತನೆಯ ಒಂದು ಮಿಲಿಮೀಟರು ದಪ್ಪದ ಲೇಪವೂ ನಿಜವಾದ ಯಂತ್ರದ ಮೇಲೆ ಐದು ಮಿಲಿಮೀಟರು ಗಾರೆ ಬಳಿದಂತೆ ಕಾಣುವುದು. ಕಡೆಗೆ, ನಿಂತ ಯಂತ್ರದ ಅಲಗುಗಳು ನೆಟ್ಟಗಿರುವುದಿಲ್ಲ. ತಮ್ಮ ಭಾರಕ್ಕೆ ತುದಿಯಲ್ಲಿ ತುಸು ಬಾಗಿರುತ್ತವೆ. ಆ ಬಾಗನ್ನೂ ತರಬೇಕು. ಅಡ್ಡ ಸರಳನ್ನು ಅಲಗುಗಳ ಕೆಳಗೆ ಕೂರಿಸುವಾಗ ಹುಡುಗ ತಾನಾಗಿಯೇ, “ಇದು ಯಂಗ್ ಅವರದು” ಎಂದ. ಹನ್ನೆರಡು ವರ್ಷದ ಒಂದು ಜೀವನ ಅರ್ಧ ಕಡ್ಡಿಯಷ್ಟು ಉದ್ದದ ಆ ತುಂಡಿನಲ್ಲಿ ಅಡಗಿದೆಯೆಂದು ಅವನಿಗೆ ಹೊಳೆದಿತ್ತು.

ಶಾಲೆಯಲ್ಲಿ ಇಂಥ ಕೆಲಸಕ್ಕೆ ಸ್ಥಾನವುಂಟೆ ಎಂದು ಕೇಳುವವರಿಗೆ ಒಂದು ಮಾತು. ೧೯೪೨ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ೫,೦೦,೦೦೦ ಮರದ ವಿಮಾನಗಳನ್ನು ೧/೭೨ರ ಅಳತೆಯಲ್ಲಿ ಮಾಡಿಸಲು ಹೊರಟಿತು. ೩೫ ಅಡಿ ದೂರದಲ್ಲಿಟ್ಟ ಅಂಥ ಪ್ರತಿಕೃತಿ ಸುಮಾರು ಅರ್ಧ ಮೈಲಿ ದೂರದ ನಿಜವಾದ ವಿಮಾನದಂತೆ ಕಾಣುತ್ತದೆ. ತಮ್ಮ ವಿಮಾನ ಯಾವುದು, ಶತ್ರುವಿನದು ಯಾವುದು ಎಂದು ನೋಡಿದೊಡನೆ ಗುರುತಿಸುವ ಅಭ್ಯಾಸಕ್ಕೆ ಅವು ಬೇಕಾಗಿದ್ದುವು. ತಪ್ಪಾಗಿ ಗುರುತಿಸಿದರೆ ತಮ್ಮವರನ್ನೇ ಕೊಂದ ಹಾಗೆ. ಸರಿಯಾಗಿ ನೋಡುವುದು ಪ್ರಾಣದ ಪ್ರಶ್ನೆಯೆಂಬುದು ಇದರಿಂದ ವಿಶದವಾಗುವುದಲ್ಲವೆ?

ಒಂದು ಆಕ್ಷೇಪಣೆಯನ್ನು ನಾನೇ ಎತ್ತಿಕೊಳ್ಳುತ್ತೇನೆ. ಡೋಲಿಯ ಕಥೆ ಹೇಳಿ ಯುದ್ಧಯಂತ್ರವನ್ನು ಪುಣ್ಯವಂತನನ್ನಾಗಿ ಮಾಡುತ್ತಿದ್ದೀರಿ ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ಇದೇ ಎಚ್-೧೩ ಶತ್ರುವಿನ ನೆಲೆಯನ್ನು ಹೊಂಚಿ ನೋಡುವುದಕ್ಕೂ, ಫಿರಂಗಿಗಳ ಗುರಿಯನ್ನು ತಿದ್ದುವುದಕ್ಕೂ ಹಾರಿತು. ಅದನ್ನೂ ಹುಡುಗನಿಗೆ ಹೇಳಿದ್ದೇನೆ. ಡೋಲಿಯನ್ನು ಬಾಂಬೆನ್ನುವುದು ಹೇಗೆ ಸುಳ್ಳೋ, ಡೋಲಿ ಮಾತ್ರ ಇತ್ತೆನ್ನುವುದೂ ಹಾಗೆಯೇ ಸುಳ್ಳು. ಪ್ರತಿಕೃತಿಯ ಧರ್ಮ ಇದ್ದುದನ್ನು ಇದ್ದಂತೆ ತೋರಿಸುವುದು. ಇತಿಹಾಸದ ಧರ್ಮವೂ ಅದೇ.

ನಮ್ಮ ನಾಡಿನವರಿಗೆ ಈ ಅಭ್ಯಾಸಕ್ಕೆ ದೂರ ಹೋಗಬೇಕಾದ್ದಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ ೧೯೬೦ರ ದಶಕದಲ್ಲಿಯೇ ಫ್ರಾನ್ಸಿನ ‘ಅಲುವೆತ್’ ಹೆಲಿಕಾಪ್ಟರನ್ನು ಅವರ ಅನುಮತಿ ಪಡೆದು ಕಟ್ಟಿ, ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟು ‘ಚೇತಕ್’ ಎಂದು ಕರೆಯಿತು. ಅದರಲ್ಲಿ ಎರಡು ಡೋಲಿಗಳು ಹೊರಗಲ್ಲ, ಕೋಣೆಯೊಳಗೇ ಹಿಡಿಸುತ್ತವೆ. ಗಾಜಿನ ಆಚೆ ಗಾಳಿಯಲ್ಲಿ ಮಲಗಿದ್ದ ಗಾಯಾಳು ಒಳಗೆ ಬಂದ. ಪಕ್ಕದಲ್ಲಿ ಶುಶ್ರೂಷೆಯವನಿಗೂ ಜಾಗ ಸಿಕ್ಕಿತು. ಅದೇ ಕಾರ್ಖಾನೆ ಸ್ವಂತವಾಗಿ ರೂಪಿಸಿದ ‘ಧ್ರುವ’ ೧೯೯೨ರಲ್ಲಿ ಹಾರಿತು. ಕಾರ್ಖಾನೆಯವರದೇ ಒಂದು ವಸ್ತುಸಂಗ್ರಹಾಲಯವೂ ಬೆಂಗಳೂರಿನಲ್ಲಿದೆ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಯಂತ್ರದ ಮುಂದೆ ನಿಲ್ಲಿಸಿ, “ಇದು ಯಾತಕ್ಕೆ?” ಎಂದು ಕೇಳಿ ನೋಡಿ.

ನಮ್ಮ ಹುಡುಗನ ಎಚ್-೧೩ ಜೂನ್ ತಿಂಗಳಲ್ಲಿ, ಶಾಲೆ ತೆರೆಯುವ ಹಿಂದಿನ ದಿನ ಮುಗಿಯಿತು. ರೆಕ್ಕೆಯ ಸುತ್ತು ಸುಮಾರು ಒಂದು ಗೇಣು. ಡೋಲಿಗಳಿಗೆ ಕಪ್ಪು ಬಣ್ಣವಿಲ್ಲ, ಹಳದಿ ಪಟ್ಟೆಯೂ ಇಲ್ಲ. ಒಂದು ಡೋಲಿಯ ಮುಚ್ಚಿಗೆಯನ್ನು ಅವನು ಅಂಟಿಸದೆ ತೆರೆದೇ ಇಟ್ಟಿದ್ದಾನೆ. ಒಳಗೆ ತನ್ನ ತಾಯಿಯ ಹಳೆಯ ಸೀರೆಯ ಅಂಚಿನಿಂದ ಕತ್ತರಿಸಿದ ಕಾಲಂಗುಲ ಅಗಲದ ಕಂಬಳಿಯೊಂದನ್ನು ಮಡಿಸಿ ಇಟ್ಟಿದ್ದಾನೆ. “ಇದು ಯಾವ ಛಾಯಾಚಿತ್ರದಲ್ಲಿದೆ?” ಎಂದು ನಾನು ಸಂಪಾದಕನ ಗತ್ತಿನಿಂದ ಕೇಳಿದೆ. “ಚಳಿಯ ದೇಶ ಅಂದಿರಲ್ಲ, ಸಾರ್” ಎಂದ.

ಆ ಪಾಠವನ್ನು ನಾನು ತಿದ್ದಲಿಲ್ಲ.